ವಿದೇಶದಲ್ಲಿ ತಿಂಗಳುಗಟ್ಟಲೆ ರಜೆ: ಯಾವ ದೇಶಕ್ಕೆ ಎಷ್ಟು ದಿನ, ವೀಸಾ ಗಡುವು ಮೀರದಂತೆ ಯಾವ ದಾರಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಎರಡು, ಮೂರು, ಐದು ತಿಂಗಳ ಮಟ್ಟಿಗೆ ವಿದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ಬೇಸಿಗೆ ನೋಡಿಕೊಂಡು ಹೊರಡುತ್ತಾರೆ. ಇಲ್ಲಿಯ ಏಪ್ರಿಲ್-ಮೇ ಬಿಸಿಲು ತಪ್ಪಿಸಿಕೊಂಡು ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಮಕ್ಕಳ ಮನೆಗೆ ಹೋಗುವ ಅಪ್ಪ-ಅವ್ವ, ದುಬೈ-ಜೆದ್ದಾದಲ್ಲಿ ದುಡಿಯುವ ಮನೆಯವರನ್ನು ನೋಡಲು ಅಥವಾ ಉಮ್ರಾಕ್ಕೆ (ಮೆಕ್ಕಾ ಯಾತ್ರೆಗೆ) ಹೋಗುವವರು, ಥಾಯ್ಲೆಂಡ್-ವಿಯೆಟ್ನಾಂ ಸುತ್ತುವ ಹುಡುಗರು, ಹೀಗೆ ಬಗೆ ಬಗೆಯ ಜನ. ಇವರಲ್ಲಿ ಯಾರೂ ಕದ್ದು ಉಳಿಯಬೇಕೆಂದು ಹೋಗುವುದಿಲ್ಲ. ಆದರೂ ದಿನ ಮೀರುತ್ತದೆ, ದಂಡ ಬೀಳುತ್ತದೆ, ಮುಂದಿನ ವೀಸಾ ಅರ್ಜಿ ತಿರಸ್ಕಾರವಾಗುತ್ತದೆ. ಕಾರಣ ಬಹುತೇಕ ಒಂದೇ: ತಪ್ಪು ತಾರೀಖನ್ನು ಗಡುವು ಎಂದು ಹಿಡಿದಿರುವುದು.

ಹೀಗಾಗಿ ದೇಶ ದೇಶಗಳನ್ನು ತೂಗಿ ನೋಡುವ ಮುಂಚೆ ಮೂರು ತಾರೀಖುಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ವೀಸಾ ಚೀಟಿಯ ಮೇಲೆ ಅಚ್ಚಾದ ಕೊನೆಯ ದಿನ ಒಂದು. ಆ ದೇಶದೊಳಗೆ ಇರಲು ಕೊಟ್ಟ ದಿನಗಳು ಎರಡನೆಯದು. ಪಾಸ್‌ಪೋರ್ಟ್ ಮುಗಿಯುವ ದಿನ ಮೂರನೆಯದು. ಅಮೆರಿಕದಲ್ಲಿ ಮೊದಲನೆಯದು ಗಡಿಗೆ ಬಂದು ಪ್ರವೇಶ ಕೇಳಲು ಇರುವ ಅವಧಿ ಮಾತ್ರ. ಒಳಗಿರುವ ಗಡುವನ್ನು ಎರಡನೆಯದೇ ಹೇಳುತ್ತದೆ. ಯುರೋಪಿನ ಶೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಮೊದಲಿನದು, ಎರಡನೆಯದು ಎರಡನ್ನೂ ನೋಡಬೇಕು, ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು. ವಿಯೆಟ್ನಾಂ ಇ-ವೀಸಾದಲ್ಲಿ ಮೊದಲನೆಯದು ಎರಡನೆಯದು ಒಂದೇ. ಒಂದು ದೇಶದ ಪದ್ಧತಿಯನ್ನು ಇನ್ನೊಂದು ದೇಶಕ್ಕೆ ಹಚ್ಚಿದರೆ ಅಲ್ಲಿಂದಲೇ ಹಿಸಾಬು ಕೆಡುತ್ತದೆ.

ಮಕ್ಕಳ ಮನೆಯಲ್ಲಿ ನಾಲ್ಕೈದು ತಿಂಗಳು: ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ

ಒಂದೇ ಕಡೆ ಉಳಿದು ಮೊಮ್ಮಕ್ಕಳ ಜೊತೆ ಇರುವುದು ಉದ್ದೇಶವಾದರೆ, ದಿನಗಳ ದೃಷ್ಟಿಯಿಂದ ಈ ನಾಲ್ಕು ದೇಶಗಳು ಅನುಕೂಲ. ಒಮ್ಮೆ ಒಳಗೆ ಹೋದರೆ ಆರು ತಿಂಗಳವರೆಗೆ ಸಿಗುವುದು ಸಾಮಾನ್ಯ. ಆದರೆ ನಾಲ್ಕರ ಲೆಕ್ಕವೂ ಬೇರೆ ಬೇರೆ.

ಅಮೆರಿಕದ ಬಿ1/ಬಿ2 ಎಂಬ ಸಂದರ್ಶಕ ವೀಸಾ ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಸಿಗುತ್ತದೆ. 'ಹತ್ತು ವರ್ಷದ ವೀಸಾ ಐತಿ, ಆರಾಮ ಇದ್ದು ಬರ್ರಿ' ಎಂದು ಹೇಳುವವರ ಮಾತು ನಂಬಬೇಡಿ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನಮೂದಿಸುವ ಐ-94 ದಾಖಲೆಯ ತಾರೀಖೇ ಗಡುವು. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ, ಕಡಿಮೆ ಕೊಡುವ ಅಧಿಕಾರವೂ ಅವರಿಗಿದೆ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಆ ತಾರೀಖಿಗೇ ನಿಲ್ಲಿಸಬಹುದು. ಇಳಿದ ಎರಡು-ಮೂರು ದಿನದೊಳಗೆ ಅಮೆರಿಕದ ಗಡಿ ಇಲಾಖೆಯ ಐ-94 ವೆಬ್‌ಸೈಟ್‌ನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಹಾಕಿ ಆ ಹಾಳೆಯನ್ನು ಮುದ್ರಿಸಿಕೊಳ್ಳಿ. ಹೆಸರು, ಹುಟ್ಟಿದ ದಿನ, ವೀಸಾ ಬಗೆ ಸರಿ ಇದೆಯೇ ನೋಡಿ. ಗಂಡ-ಹೆಂಡತಿ ಒಟ್ಟಿಗೆ ಹೋಗಿದ್ದರೂ ಇಬ್ಬರದನ್ನೂ ಬೇರೆ ಬೇರೆ ನೋಡಬೇಕು, ಇಬ್ಬರ ತಾರೀಖು ಒಂದೇ ಇರಬೇಕೆಂದಿಲ್ಲ.

ಇಲ್ಲಿ ನಮ್ಮ ಕಡೆಯವರು ಸಿಕ್ಕಿಬೀಳುವ ಒಂದು ಜಾಗವಿದೆ: ಹಬ್ಬದ ಲೆಕ್ಕ. 'ಬೇಸಿಗೆಗೆ ಹೋಗಿ ದಸರೆಗೆ ಬರುತ್ತೇವೆ' ಎಂದು ಟಿಕೆಟ್ ತೆಗೆಯುತ್ತಾರೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಬಂದು ಆಮೇಲಿನ ಹಬ್ಬಗಳೆಲ್ಲ ತಡವಾಗಿ ಬೀಳುತ್ತವೆ, ವಿಜಯದಶಮಿ ಅಕ್ಟೋಬರ್ 20. ಏಪ್ರಿಲ್ 12ಕ್ಕೆ ಇಳಿದವರಿಗೆ ಆರು ತಿಂಗಳ ಐ-94 ಅಕ್ಟೋಬರ್ 11ಕ್ಕೆ ಮುಗಿಯುತ್ತದೆ. ಹಿಂದಿನ ವರ್ಷ ಬೀಗರು ಹೋಗಿ ಬಂದದ್ದೇ ಲೆಕ್ಕದಲ್ಲಿ ಈ ವರ್ಷ ಹೋದವರು ಒಂಬತ್ತು ದಿನ ಮೀರುತ್ತಾರೆ. ಮೀರಿದ್ದು ಒಂದೇ ದಿನವಾದರೂ ಆ ಹತ್ತು ವರ್ಷದ ವೀಸಾ ಕಾನೂನಿನ ಪ್ರಕಾರ ರದ್ದಾಗುತ್ತದೆ. ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಸಂದರ್ಶನದ ಸರದಿ. 180 ದಿನ ದಾಟಿ ಒಂದು ವರ್ಷದೊಳಗೆ ಹೊರಬಂದರೆ ಮೂರು ವರ್ಷ ಪ್ರವೇಶವಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಮೀರಿದರೆ ಹತ್ತು ವರ್ಷ.

ಇನ್ನೊಂದು ತಪ್ಪು ತಿಳಿವಳಿಕೆ, ನಯಾಗರಾ ನೋಡುವ ನೆಪದಲ್ಲಿ ಕೆನಡಾಕ್ಕೆ ಹೋಗಿ ಎರಡು ದಿನ ಬಿಟ್ಟು ವಾಪಸ್ ಬಂದರೆ ಹೊಸ ಆರು ತಿಂಗಳು ಸಿಗುತ್ತದೆ ಎಂಬುದು. ಕೆನಡಾ ಅಥವಾ ಮೆಕ್ಸಿಕೊಗೆ 30 ದಿನದೊಳಗಿನ ಪ್ರವಾಸ ಮಾಡಿ ಬಂದವರಿಗೆ ಸಾಮಾನ್ಯವಾಗಿ ಹಳೆಯ ಐ-94 ತಾರೀಖೇ ಮುಂದುವರಿಯುತ್ತದೆ.

ಕೆನಡಾದಲ್ಲಿಯೂ ವೀಸಾ ಹತ್ತು ವರ್ಷದವರೆಗೆ ಸಿಗಬಹುದು, ಇರುವುದು ಸಾಮಾನ್ಯವಾಗಿ ಆರು ತಿಂಗಳು. ಪಾಸ್‌ಪೋರ್ಟ್ ಮೇಲೆ ಅಧಿಕಾರಿ ತಾರೀಖು ಬರೆದಿದ್ದರೆ ಅದೇ ಗಡುವು. ಏನೂ ಬರೆಯದಿದ್ದರೆ ಒಳಬಂದ ದಿನದಿಂದ ಆರು ತಿಂಗಳು ಅಥವಾ ಪಾಸ್‌ಪೋರ್ಟ್ ಮುಗಿಯುವ ದಿನ, ಯಾವುದು ಮೊದಲೋ ಅದು. ಮಕ್ಕಳು ಅಲ್ಲಿಯ ಪೌರರೋ ಕಾಯಂ ನಿವಾಸಿಗಳೋ ಆಗಿದ್ದರೆ ಸೂಪರ್ ವೀಸಾ ಕೇಳುವುದು ಒಳ್ಳೆಯದು. 2022ರ ಜುಲೈಯಿಂದ ಅದರಲ್ಲಿ ಒಮ್ಮೆಗೆ ಐದು ವರ್ಷದವರೆಗೆ ಇರಬಹುದು. ಆದರೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್ ಮೊತ್ತದ ವೈದ್ಯಕೀಯ ವಿಮೆ ಬೇಕು, ಮಗ ಅಥವಾ ಮಗಳ ಆದಾಯ ನಿಗದಿತ ಮಟ್ಟಕ್ಕಿಂತ ಮೇಲಿರಬೇಕು. ಅರವತ್ತು ದಾಟಿದವರಿಗೆ ಆ ವಿಮೆಯ ಕಂತು ಭಾರಿ ಬೀಳುತ್ತದೆ. ಐದಾರು ತಿಂಗಳಿಗೇ ಬರುವುದಾದರೆ ಸಾಮಾನ್ಯ ವೀಸಾ ಸಾಕು.

ಬ್ರಿಟನ್ನಿನ ಸಂದರ್ಶಕ ವೀಸಾ ಆರು ತಿಂಗಳು, ಎರಡು, ಐದು, ಹತ್ತು ವರ್ಷಕ್ಕೆ ಇದೆ. ಯಾವುದೇ ಇರಲಿ, ಒಂದು ಭೇಟಿಗೆ ಆರು ತಿಂಗಳೇ ಮಿತಿ. ಆರು ತಿಂಗಳ ವೀಸಾ ತೆಗೆದುಕೊಂಡವರು ಒಂದು ಮಾತು ಗಮನಿಸಬೇಕು: ಅದು ನೀವು ಇಳಿದ ದಿನದಿಂದ ಎಣಿಕೆಯಾಗುವುದಿಲ್ಲ, ವೀಸಾ ಆರಂಭದ ತಾರೀಖಿನಿಂದ ಓಡುತ್ತಿರುತ್ತದೆ. ಮನೆಯಲ್ಲಿ ಮದುವೆ ಬಂತೆಂದು ನಲವತ್ತು ದಿನ ತಡವಾಗಿ ಹೊರಟರೆ ಆ ನಲವತ್ತು ದಿನ ಹೋದವು. ಅಲ್ಲಿ 30 ದಿನಕ್ಕಿಂತ ಹೆಚ್ಚು ಮೀರಿ, ಸ್ವಂತ ಖರ್ಚಿನಲ್ಲಿ ತಾವಾಗಿ ಹೊರಬಂದರೂ ಒಂದು ವರ್ಷ ವೀಸಾ ಸಿಗದು. ವರ್ಷದಲ್ಲಿ ಬಹುಪಾಲು ಅಲ್ಲೇ ಇರುವಂತೆ ಮೇಲಿಂದ ಮೇಲೆ ಹೋಗುವವರನ್ನೂ ಸಂದರ್ಶಕರೆಂದು ಒಪ್ಪುವುದಿಲ್ಲ.

ಆಸ್ಟ್ರೇಲಿಯಾದ 600 ಎಂಬ ಸಂದರ್ಶಕ ವೀಸಾದಲ್ಲಿ ಚೀಟಿ ಅಂಟಿಸುವುದಿಲ್ಲ, ಮಂಜೂರಾತಿ ಪತ್ರ ಇಮೇಲ್‌ಗೆ ಬರುತ್ತದೆ. ಒಂದು ಭೇಟಿಗೆ ಮೂರು, ಆರು ಅಥವಾ ಹನ್ನೆರಡು ತಿಂಗಳು ಎಂದು ಅದರಲ್ಲೇ ಬರೆದಿರುತ್ತದೆ. ಏಜೆಂಟ್ ಮೂಲಕ ಮಾಡಿಸಿದವರು ಆ ಪತ್ರವನ್ನು ಪೂರ್ತಿ ಕೇಳಿ ಪಡೆಯಲೇಬೇಕು. 8503 ಎಂಬ ಷರತ್ತು ಇದ್ದರೆ ಅಲ್ಲಿದ್ದುಕೊಂಡು ಬೇರೆ ವೀಸಾಕ್ಕೆ ಅರ್ಜಿ ಹಾಕಿ ದಿನ ಮುಂದೂಡುವ ದಾರಿ ಬಂದ್. 8558 ಇದ್ದರೆ ಯಾವುದೇ 18 ತಿಂಗಳಲ್ಲಿ ಒಟ್ಟು 12 ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. 28 ದಿನಕ್ಕಿಂತ ಹೆಚ್ಚು ಮೀರಿದವರಿಗೆ ಮೂರು ವರ್ಷ ತಾತ್ಕಾಲಿಕ ವೀಸಾ ಸಿಗುವುದು ಕಠಿಣ.

ಯುರೋಪ್: 90ರ ಲೆಕ್ಕ ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ

ಶೆಂಗೆನ್ ಗುಂಪಿನಲ್ಲಿ ಈಗ 29 ದೇಶಗಳು. ಎಲ್ಲ ಸೇರಿ ಒಂದೇ ಲೆಕ್ಕ: ಯಾವುದೇ 180 ದಿನದ ಅವಧಿಯಲ್ಲಿ ಹೆಚ್ಚೆಂದರೆ 90 ದಿನ. ಒಳಗೆ ಹೋದ ದಿನವೂ ಹೊರಗೆ ಬಂದ ದಿನವೂ ಎಣಿಕೆಗೆ ಸೇರುತ್ತವೆ. ಜರ್ಮನಿಯಲ್ಲಿ 60 ದಿನ ಇದ್ದು ಇಟಲಿಗೆ ಹೋದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ.

ಜನ ತಪ್ಪುವುದು '180'ರಲ್ಲಿ. ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್ ಎಂದು ವರ್ಷವನ್ನು ಎರಡು ಹೋಳು ಮಾಡಿಕೊಳ್ಳುತ್ತಾರೆ. ಹಾಗಲ್ಲ. ನೀವು ಅಲ್ಲಿರುವ ಪ್ರತಿ ದಿನವೂ ಅಂದಿನಿಂದ ಹಿಂದಕ್ಕೆ 180 ದಿನ ಎಣಿಸಿ, ಅಷ್ಟರಲ್ಲಿ ಎಷ್ಟು ದಿನ ಒಳಗಿದ್ದಿರಿ ಎಂದು ಕೂಡಿಸಬೇಕು. ದಿನ ಒಂದು ಮುಂದೆ ಹೋದಂತೆ ಆ 180ರ ಪಟ್ಟಿಯೂ ಒಂದು ದಿನ ಮುಂದೆ ಸರಿಯುತ್ತದೆ.

ಒಂದು ಉದಾಹರಣೆ ಪೂರ್ತಿ ಬಿಡಿಸಿ ನೋಡೋಣ. ಬೀದರಿನ ದಂಪತಿಗೆ ಒಂದು ವರ್ಷದ, ಹಲವು ಪ್ರವೇಶದ, 90 ದಿನದ ವೀಸಾ ಸಿಕ್ಕಿದೆ ಅಂದುಕೊಳ್ಳಿ. 2026ರ ಏಪ್ರಿಲ್ 5ಕ್ಕೆ ಒಳಗೆ ಹೋಗಿ ಜೂನ್ 20ಕ್ಕೆ ಹೊರಬಂದರು. ಏಪ್ರಿಲ್‌ನಲ್ಲಿ 26, ಮೇನಲ್ಲಿ 31, ಜೂನ್‌ನಲ್ಲಿ 20, ಒಟ್ಟು 77 ದಿನ. ಮಗಳಿಗೆ ಹೆರಿಗೆ ಹತ್ತಿರ ಬಂತೆಂದು ಆಗಸ್ಟ್ 25ಕ್ಕೆ ಮತ್ತೆ ಹೋಗುತ್ತಾರೆ. ಅಂದಿನಿಂದ ಹಿಂದಕ್ಕೆ 180 ದಿನ ಎಂದರೆ ಫೆಬ್ರುವರಿ 27ರವರೆಗೆ. ಮೊದಲಿನ 77 ದಿನ ಪೂರ್ತಿ ಅದರೊಳಗೇ ಬರುತ್ತವೆ. ಉಳಿದದ್ದು 13 ದಿನ. ಸೆಪ್ಟೆಂಬರ್ 6 ಅವರಿಗೆ ಕೊನೆಯ ದಿನ, 7ಕ್ಕೆ ಅಲ್ಲಿದ್ದರೆ ಗಡುವು ಮೀರಿದಂತೆ. ಅದೇ ದಂಪತಿ ಅಕ್ಟೋಬರ್ 2ಕ್ಕೆ ಒಳಗೆ ಹೋದರೆ? ಆ ಹೊತ್ತಿಗೆ ಏಪ್ರಿಲ್ 5 ಪಟ್ಟಿಯಿಂದ ಹೊರಬಿದ್ದಿರುತ್ತದೆ. ಅಲ್ಲಿಂದ ಮುಂದೆ ಹೊಸ ದಿನ ಒಂದು ಸೇರಿದಂತೆ ಹಳೆಯ ದಿನ ಒಂದು ಉದುರುತ್ತ ಹೋಗುತ್ತದೆ. ವೀಸಾ ಮುದ್ದತು ಇದ್ದರೆ ಡಿಸೆಂಬರ್ 30ರವರೆಗೆ ಪೂರ್ತಿ 90 ದಿನ ಇರಬಹುದು. ಆರು ವಾರವೂ ಇಲ್ಲದಷ್ಟು ಕಾದರೆ 13 ದಿನ 90 ಆಗುತ್ತದೆ. ಹೆರಿಗೆಯಂಥ ತಾರೀಖು ಮೊದಲೇ ಗೊತ್ತಿದ್ದರೆ ಬೇಸಿಗೆಯ ಪ್ರವಾಸವನ್ನು 40 ದಿನಕ್ಕೆ ಇಳಿಸಿ ಉಳಿದ ದಿನ ಎತ್ತಿಡುವುದು ಜಾಣತನ. ಐರೋಪ್ಯ ಒಕ್ಕೂಟದ ಜಾಲತಾಣದಲ್ಲಿ ಈ ಎಣಿಕೆಗೆಂದೇ ಕ್ಯಾಲ್ಕ್ಯುಲೇಟರ್ ಇದೆ. ಟಿಕೆಟ್ ತೆಗೆಯುವ ಮೊದಲು ಅದರಲ್ಲಿ ಹಾಕಿ ನೋಡಿ.

ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಹತ್ತಿರದ ಅಪಾಯ ಬೇರೆ ಇದೆ. ಅವರಿಗೆ 90 ದಿನ ಸಿಗದೆ ಅರ್ಜಿಯಲ್ಲಿ ತೋರಿಸಿದ ಪ್ರವಾಸದಷ್ಟೇ ಸಿಗಬಹುದು. ಚೀಟಿಯ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು 60 ದಿನದ ಅಂತರ ಕಾಣುತ್ತದೆ, ಕೆಳಗೆ ಇರುವ ದಿನ 45 ಎಂದಿರುತ್ತದೆ. ಆ ಹೆಚ್ಚಿನ 15 ದಿನ ಪ್ರವಾಸ ಹಿಂದೆ-ಮುಂದೆ ಮಾಡಿಕೊಳ್ಳಲು ಕೊಟ್ಟ ಸಡಿಲಿಕೆ, ಉಳಿಯಲು ಕೊಟ್ಟದ್ದಲ್ಲ. 46ನೆಯ ದಿನ ಅಲ್ಲಿದ್ದರೆ ತಪ್ಪೇ. ಪ್ರವೇಶದ ಸಂಖ್ಯೆ ಒಂದು ಎಂದಿದ್ದರೆ ನಡುವೆ ಲಂಡನ್‌ಗೋ ಇಸ್ತಾಂಬುಲ್‌ಗೋ ಹೋಗಿ ಬರುವ ಆಸೆ ಬೇಡ. ಹೊರಗೆ ಕಾಲಿಟ್ಟರೆ ವೀಸಾ ಅಲ್ಲಿಗೆ ಮುಗಿಯಿತು.

ಹಳೆಯ ಸಲಹೆಗಳಲ್ಲಿ ಕ್ರೊಯೇಷಿಯಾ, ಬಲ್ಗೇರಿಯಾ, ರೊಮೇನಿಯಾಕ್ಕೆ ಹೋಗಿ ಕುಳಿತು ದಿನ ಕಳೆಯಿರಿ ಎಂದು ಕಾಣುತ್ತದೆ. ಕ್ರೊಯೇಷಿಯಾ 2023ರ ಜನವರಿಯಲ್ಲಿ, ಉಳಿದೆರಡು 2025ರ ಜನವರಿಯಲ್ಲಿ ಪೂರ್ತಿಯಾಗಿ ಶೆಂಗೆನ್ ಸೇರಿವೆ. ಆ ದಾರಿ ಈಗಿಲ್ಲ. ಮೊಹರು ಮಸುಕಾಗಿದೆ, ಯಾರು ಎಣಿಸುತ್ತಾರೆ ಎಂಬ ಧೈರ್ಯವೂ ಈಗ ನಡೆಯದು: 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಮುಖಚಿತ್ರ, ಬೆರಳಚ್ಚು ತೆಗೆದು ಬಂದ-ಹೋದ ದಿನವನ್ನು ಕಂಪ್ಯೂಟರ್‌ನಲ್ಲೇ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ದಿನ ಮೀರಿದ್ದು ತಾನಾಗಿಯೇ ಎದ್ದು ಕಾಣುತ್ತದೆ.

ನಿಯಮ ಪಾಲಿಸಿದವರಿಗೆ ಇಲ್ಲಿ ಲಾಭವೂ ಇದೆ. ಮೂರು ವರ್ಷದೊಳಗೆ ಎರಡು ಶೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ಹಲವು ಪ್ರವೇಶದ ವೀಸಾ, ಆಮೇಲೆ ಪಾಸ್‌ಪೋರ್ಟ್ ಅವಧಿ ಇದ್ದರೆ ಐದು ವರ್ಷದ್ದು ಕೊಡುವ ಪದ್ಧತಿ 2024ರ ಏಪ್ರಿಲ್‌ನಿಂದ ಬಂದಿದೆ. ಜರ್ಮನಿ, ನೆದರ್ಲೆಂಡ್ಸ್‌ನಲ್ಲಿ ಮಕ್ಕಳಿರುವ ಅಪ್ಪ-ಅವ್ವಂದಿರಿಗೆ ನಮ್ಮ ಸಲಹೆ ಸ್ಪಷ್ಟ: ಮೊದಲ ಎರಡು ಪ್ರವಾಸ ಚಿಕ್ಕದಾಗಿ, ಕೊಟ್ಟ ದಿನಕ್ಕಿಂತ ಒಂದು ವಾರ ಮೊದಲೇ ಮುಗಿಸಿ ಬನ್ನಿ. ದೀರ್ಘ ಪ್ರವಾಸ ಮೂರನೆಯದಕ್ಕೆ ಇರಲಿ.

ಕೊಲ್ಲಿ ದೇಶಗಳು ಮತ್ತು ಉಮ್ರಾ

ದುಬೈ, ಅಬುಧಾಬಿ, ಶಾರ್ಜಾಕ್ಕೆ ಪ್ರವಾಸಿ ವೀಸಾ 30 ಅಥವಾ 60 ದಿನಕ್ಕೆ ಸಿಗುತ್ತದೆ, ಎಣಿಕೆ ಇಳಿದ ದಿನದಿಂದ. ಮೀರಿದರೆ ದಿನಕ್ಕೆ 50 ದಿರ್ಹಮ್. ಮೊದಲು ಸಿಗುತ್ತಿದ್ದ ಹತ್ತು ದಿನದ ರಿಯಾಯಿತಿಯನ್ನು ನಂಬಿ ಟಿಕೆಟ್ ಮಾಡಬೇಡಿ. ದಂಡ ಚಿಕ್ಕದೆನಿಸಿದರೂ ಬೇರೆ ಪೆಟ್ಟು ದೊಡ್ಡದು: ವೀಸಾ ಮಾಡಿಸಿದ ಏಜೆಂಟ್ ತನ್ನ ಮೇಲೆ ಬರದಂತೆ 'ಪರಾರಿ' ಎಂದು ದೂರು ಹಾಕಿಬಿಡಬಹುದು, ಠೇವಣಿ ಇಟ್ಟಿದ್ದರೆ ಅದೂ ಹೋಗುತ್ತದೆ. 45 ದಿನ ಇರುವ ಯೋಚನೆ ಇದ್ದರೆ 30ರದ್ದು ತೆಗೆದು ಅಲ್ಲಿ ವಿಸ್ತರಿಸುವುದಕ್ಕಿಂತ ಮೊದಲೇ 60ರದ್ದು ತೆಗೆಯುವುದು ವಾಸಿ. ವರ್ಷದಲ್ಲಿ ಎರಡು-ಮೂರು ಸಲ ಹೋಗುವವರು ಹಲವು ಪ್ರವೇಶದ ವೀಸಾ ವಿಚಾರಿಸಲಿ.

'ವಿಸಿಟ್ ವೀಸಾದಲ್ಲಿ ಹೋಗು, ಅಲ್ಲೇ ಕೆಲಸ ಸಿಗುತ್ತದೆ' ಎನ್ನುವ ಏಜೆಂಟರ ಮಾತಿಗೆ ಹುಡುಗರನ್ನು ಕಳಿಸಬೇಡಿ. ಆ ವೀಸಾದಲ್ಲಿ ದುಡಿಯುವುದೇ ಅಪರಾಧ. ಕೆಲಸ ಸಿಗದೆ ದಿನ ಮೀರಿ, ದಂಡ ಕಟ್ಟಲು ದುಡ್ಡಿಲ್ಲದೆ, ವಾಪಸ್ ಬರಲೂ ಆಗದೆ ಸಿಕ್ಕಿಕೊಳ್ಳುವುದು ಹೀಗೆಯೇ. ಕೆಲಸಕ್ಕೆ ಹೋಗುವುದಾದರೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್‌ನಲ್ಲಿ ನೋಂದಾಯಿಸಿದ ಏಜೆಂಟರ ಮೂಲಕ, ಕೆಲಸದ ವೀಸಾ ಮೇಲೆಯೇ ಹೋಗಬೇಕು.

ಉಮ್ರಾಕ್ಕೆ ಹೋಗುವವರು ವೀಸಾ ದಿನಗಳ ಜೊತೆ ಇನ್ನೊಂದು ಗಡುವು ನೋಡಬೇಕು. ಪ್ರತಿ ವರ್ಷ ಹಜ್‌ಗೆ ಮುಂಚೆ ಉಮ್ರಾ ಯಾತ್ರಿಕರು ದೇಶ ಬಿಡಬೇಕಾದ ಕೊನೆಯ ದಿನವನ್ನು ಸೌದಿ ಸರ್ಕಾರ ಪ್ರಕಟಿಸುತ್ತದೆ. 2025ರಲ್ಲಿ ಅದು ಏಪ್ರಿಲ್ 29, ಅಂದರೆ ಇಸ್ಲಾಮಿ ಪಂಚಾಂಗದ ಜುಲ್-ಖಾದಾ ತಿಂಗಳ ಒಂದನೇ ತಾರೀಖು. ಕಲಬುರಗಿಯಲ್ಲಿ ಬಂದೇನವಾಜರ ಉರುಸು ನಡೆಯುವ ತಿಂಗಳು ಅದೇ. ಉರುಸಿನ ತಿಂಗಳು ಹುಟ್ಟುವ ಮೊದಲೇ ಉಮ್ರಾ ಮುಗಿಸಿ ಊರಲ್ಲಿರಬೇಕು ಎಂದು ನೆನಪಿಟ್ಟುಕೊಂಡರೆ ಸುಲಭ. ಚಾಂದ್ರಮಾನದ ತಾರೀಖಾದ್ದರಿಂದ ಈ ಗಡುವು ವರ್ಷಕ್ಕೆ ಹತ್ತು-ಹನ್ನೊಂದು ದಿನ ಮೊದಲು ಬರುತ್ತ ಹೋಗುತ್ತದೆ. ಶಾಲೆಯ ಬೇಸಿಗೆ ರಜೆ ಹಿಡಿದು ಉಮ್ರಾ ಮಾಡುವ ಯೋಚನೆ ಸದ್ಯದ ವರ್ಷಗಳಲ್ಲಿ ನೇರ ಈ ಗಡುವಿಗೆ ಹೋಗಿ ಹಾಯುತ್ತದೆ. ಅಲ್ಲೇ ಉಳಿದು ಹಜ್ ಮಾಡಿ ಬರೋಣ ಎಂಬುದಂತೂ ಸಲ್ಲದು, ಉಮ್ರಾ ವೀಸಾದಲ್ಲಿ ಹಜ್‌ಗೆ ಅನುಮತಿ ಇಲ್ಲ.

ಪೂರ್ವದ ದೇಶಗಳನ್ನು ಸುತ್ತುವುದಾದರೆ

ಎರಡು-ಮೂರು ತಿಂಗಳು, ಕಡಿಮೆ ಖರ್ಚಿನಲ್ಲಿ, ದೇಶ ಬದಲಿಸುತ್ತ ಇರುವುದಾದರೆ ಈ ಕಡೆ ಒಳ್ಳೆಯದು. ಒಂದೇ ದೇಶದಲ್ಲಿ ಕೂರುವ ಆಸೆಯಿದ್ದರೆ ವಿಯೆಟ್ನಾಂ ಮೇಲು: ಇ-ವೀಸಾ 90 ದಿನದವರೆಗೆ ಸಿಗುತ್ತದೆ, ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. ಆದರೆ ಅರ್ಜಿಯಲ್ಲಿ ನೀವು ಹಾಕಿದ ತಾರೀಖುಗಳೇ ಅಚ್ಚಾಗುತ್ತವೆ, ಹತ್ತು ದಿನ ತಡವಾಗಿ ಹೋದರೆ 80 ದಿನವೇ ಉಳಿಯುವುದು. ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆ ಅಕ್ಷರ ಅಕ್ಷರವೂ ಇರಬೇಕು.

ಥಾಯ್ಲೆಂಡ್ 2024ರ ಜುಲೈಯಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಎಂದು ಮಾಡಿತು. ಇಂಥ ರಿಯಾಯಿತಿಗಳು ಹಿಂದೆ-ಮುಂದೆ ಆಗುತ್ತಿರುತ್ತವೆ, ಆದ್ದರಿಂದ ಟಿಕೆಟ್ ತೆಗೆಯುವ ದಿನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಆ ದೇಶದ ರಾಯಭಾರ ಕಚೇರಿಯ ಪುಟ ನೋಡಿ. ವಿಸ್ತರಣೆಗೆ ಅಲ್ಲಿಯ ಇಮಿಗ್ರೇಷನ್ ಕಚೇರಿಯಲ್ಲಿ 1,900 ಬಾತ್ ಶುಲ್ಕ. ಮೀರಿದರೆ ದಿನಕ್ಕೆ 500 ಬಾತ್, ಗರಿಷ್ಠ 20,000. ದಂಡ ಕಟ್ಟಿದರಾಯಿತು ಎನ್ನುವವರು ಮುಂದಿನದನ್ನೂ ತಿಳಿಯಲಿ: 90 ದಿನಕ್ಕಿಂತ ಹೆಚ್ಚು ಮೀರಿ ತಾವಾಗಿ ಹೊರಟರೂ ಒಂದು ವರ್ಷ ನಿಷೇಧ. ತಾವಾಗಿ ಹೊರಡದೆ ಪೊಲೀಸರ ಕೈಗೆ ಸಿಕ್ಕರೆ, ಮೀರಿದ್ದು ಕೆಲವೇ ದಿನವಾದರೂ ಐದು ವರ್ಷ. ಗಡಿ ದಾಟಿ ಲಾವೋಸ್‌ಗೆ ಹೋಗಿ ಮರುದಿನ ತಿರುಗಿ ಬಂದು ಹೊಸ ದಿನ ಕೇಳುವವರನ್ನು ಅಧಿಕಾರಿಗಳು ಒಳಗೆ ಬಿಡದಿರಬಹುದು.

ಇಂಡೊನೇಷ್ಯಾದಲ್ಲಿ ಇಳಿದಾಗ ಸಿಗುವ ವೀಸಾ 30 ದಿನ, ಒಮ್ಮೆ ಮಾತ್ರ ಇನ್ನು 30 ದಿನ ವಿಸ್ತರಣೆ. ಇಳಿದ ದಿನವೇ ಒಂದನೆಯ ದಿನ. ಮೀರಿದರೆ ದಿನಕ್ಕೆ ಹತ್ತು ಲಕ್ಷ ರುಪಿಯಾ. ಬಾಲಿಯಲ್ಲಿ ನಾಲ್ವರ ಕುಟುಂಬ ಒಂದು ದಿನ ತಪ್ಪಿದರೆ ನಾಲ್ಕು ದಂಡ, ಮಕ್ಕಳಿಗೆ ವಿನಾಯಿತಿ ಇದೆ ಅಂದುಕೊಳ್ಳಬೇಡಿ. ಮಲೇಷ್ಯಾ 2026ರ ಡಿಸೆಂಬರ್ 31ರವರೆಗೆ ವೀಸಾ ಇಲ್ಲದೆ 30 ದಿನ ಬಿಡುತ್ತದೆ. ಹೋಗುವ ಮೂರು ದಿನದೊಳಗೆ ಡಿಜಿಟಲ್ ಆಗಮನ ಅರ್ಜಿ ತುಂಬಬೇಕು.

'30 ದಿನ' ಮತ್ತು 'ಒಂದು ತಿಂಗಳು' ಬೇರೆ. ಮೇ 1ಕ್ಕೆ ಇಳಿದರೆ 30 ದಿನ ಮೇ 30ಕ್ಕೆ ಮುಗಿಯುತ್ತದೆ. 31ರ ಟಿಕೆಟ್ ಇದ್ದರೆ ಒಂದು ದಿನ ಮೀರಿತು. ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿ.

ಈ ಯಾವ ತಲೆನೋವೂ ಬೇಡವೆಂದರೆ ನೇಪಾಳ. ಭಾರತೀಯರಿಗೆ ವೀಸಾ ಇಲ್ಲ, ಇರುವ ದಿನಕ್ಕೆ ಮಿತಿಯೂ ಇಲ್ಲ. ವಿಮಾನದಲ್ಲಿ ಹೋಗುವಾಗ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲಿ, ಬರೀ ಆಧಾರ್ ನೆಚ್ಚಿಕೊಳ್ಳಬೇಡಿ. ಭೂತಾನ್‌ಗೂ ವೀಸಾ ಬೇಡ, ಆದರೆ ಪ್ರವೇಶ ಪರವಾನಗಿ ಬೇಕು, ಒಬ್ಬರಿಗೆ ರಾತ್ರಿಗೆ 1,200 ರೂಪಾಯಿ ಶುಲ್ಕವಿದೆ. ತಿಂಗಳು ಇದ್ದರೆ ಅದೇ 36,000 ಆಗುತ್ತದೆ.

ಇನ್ನೂ ದಿನ ಬೇಕೆನಿಸಿದರೆ

ವಿಸ್ತರಣೆ, ಹೊರಗೆ ಹೋಗಿ ಮತ್ತೆ ಬರುವುದು, ಮೊದಲೇ ಪ್ರವಾಸವನ್ನು ಎರಡು ಕಂತು ಮಾಡುವುದು, ಹೀಗೆ ಮೂರು ದಾರಿ. ನಮ್ಮ ಒಲವು ಮೂರನೆಯದರ ಕಡೆ. ಎರಡು ಸಲ ವಿಮಾನದ ಖರ್ಚು ಬೀಳುತ್ತದೆ ಖರೆ. ಆದರೆ ದಾಖಲೆ ಸ್ವಚ್ಛವಾಗಿರುತ್ತದೆ, ಬಿಪಿ-ಸಕ್ಕರೆ ಕಾಯಿಲೆಯ ಗುಳಿಗೆ ತೀರುವ ಚಿಂತೆ ಇಲ್ಲ, ವಿಮೆಯ ಅವಧಿಯೂ ಚಿಕ್ಕದಾಗುತ್ತದೆ. ವಿಸ್ತರಣೆ ಹಾಕುವವರು ಮರೆಯುವುದು ವಿಮೆಯನ್ನೇ. ವೀಸಾ ದಿನ ಬೆಳೆಯುತ್ತದೆ, ವಿಮೆ ಹಳೆಯ ತಾರೀಖಿಗೇ ಮುಗಿದಿರುತ್ತದೆ.

ಅಮೆರಿಕದಲ್ಲಿ ವಿಸ್ತರಣೆಗೆ ಐ-539 ಅರ್ಜಿ. ಐ-94 ಮುಗಿಯುವ ಕನಿಷ್ಠ 45 ದಿನ ಮೊದಲು ಹಾಕಬೇಕೆಂಬುದು ಅಲ್ಲಿಯ ಇಲಾಖೆಯದೇ ಸಲಹೆ. ಮುಗಿದ ಮೇಲೆ ಹಾಕಿದ್ದಕ್ಕೆ ಬೆಲೆ ಇಲ್ಲ. ತೀರ್ಪು ಬರಲು ತಿಂಗಳುಗಟ್ಟಲೆ ಹಿಡಿಯಬಹುದು, ತಿರಸ್ಕಾರವಾದರೆ ಕೂಡಲೇ ಹೊರಡಬೇಕು. ಬರೀ 'ಇನ್ನಷ್ಟು ದಿನ ಇರಬೇಕು' ಎಂಬ ಕಾರಣಕ್ಕೆ ಈ ಗೊಡವೆಗೆ ಹೋಗುವುದು ಬೇಡ. ಕೆನಡಾದಲ್ಲಿ ಅವಧಿ ಮುಗಿಯುವ 30 ದಿನ ಮೊದಲು ಅರ್ಜಿ ಹಾಕಲು ಹೇಳುತ್ತಾರೆ. ಸಮಯದೊಳಗೆ ಹಾಕಿದ್ದರೆ ತೀರ್ಮಾನ ಬರುವವರೆಗೆ ಇರಬಹುದು. ಶೆಂಗೆನ್‌ನಲ್ಲಿ ವಿಸ್ತರಣೆ ಸಿಗುವುದು ಆಸ್ಪತ್ರೆ, ಸಾವು, ವಿಮಾನ ಸಂಚಾರವೇ ನಿಂತುಹೋಗುವಂಥ ಗಂಭೀರ ಕಾರಣಕ್ಕೆ ಮಾತ್ರ.

ವಾಪಸ್ ಟಿಕೆಟ್ ಯಾವ ದಿನಕ್ಕೆ

ಮೂರು ತಿಂಗಳಿಗಿಂತ ಹೆಚ್ಚಿನ ಪ್ರವಾಸಕ್ಕೆ ಗಡುವಿನಿಂದ ಹತ್ತು ದಿನ ಮೊದಲು, ಒಂದೆರಡು ತಿಂಗಳದ್ದಕ್ಕೆ ಐದು ದಿನ ಮೊದಲು, ಇದು ನಮ್ಮ ಪಟ್ಟು. ಕಡೆಯ ದಿನಕ್ಕೆ ಟಿಕೆಟ್ ಮಾಡಿದವರಿಗೆ ಒಂದು ಜ್ವರ, ಒಂದು ವಿಮಾನ ರದ್ದು ಸಾಕು. ತಾರೀಖು ಬದಲಿಸಲು ಬರುವ ಟಿಕೆಟ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹೋಗುವ-ಬರುವ ಎಲ್ಲ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಕಂಪನಿಯ ಅಗ್ಗದ ಟಿಕೆಟ್ ಜೋಡಿಸಿದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಕೇಳುವವರಿಲ್ಲ.

ಮಧ್ಯರಾತ್ರಿಯ ವಿಮಾನಗಳ ಬಗ್ಗೆ ಎಚ್ಚರ. ಗಡುವು 10ನೇ ತಾರೀಖು, ವಿಮಾನ '11ರ ಬೆಳಗಿನ ಜಾವ 1:30' ಎಂದರೆ ನಿಲ್ದಾಣಕ್ಕೆ ನೀವು 10ರ ರಾತ್ರಿಯೇ ಹೋಗುತ್ತೀರಿ. ಆದರೆ ಇಮಿಗ್ರೇಷನ್ ಕಟ್ಟೆ ದಾಟುವುದು ಹನ್ನೆರಡರ ನಂತರವಾದರೆ 11 ಎಂದೇ ದಾಖಲಾಗುತ್ತದೆ. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಿಂದ ಹೊರಡುವಾಗಲೂ ಇದೇ ಗೊಂದಲದಲ್ಲಿ ಒಂದು ದಿನ ತಡವಾಗಿ ಬರುವವರಿದ್ದಾರೆ. ಕಲಬುರಗಿ, ಯಾದಗಿರಿಯಿಂದ ರೈಲು ಹಿಡಿದು ಹೋಗುವವರು ವಿಮಾನದ ಸಮಯಕ್ಕಿಂತ ಅರ್ಧ ದಿನ ಮೊದಲೇ ಹೈದರಾಬಾದ್ ಮುಟ್ಟುವಂತೆ ನೋಡಿಕೊಳ್ಳಿ. ನಿಗದಿತ ತಾರೀಖಿನ ವೀಸಾ ಇದ್ದಾಗ ವಿಮಾನ ತಪ್ಪಿದರೆ ಇರುವ ದಿನಗಳೂ ಕಡಿಮೆಯಾಗುತ್ತವೆ.

ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡಬೇಕೆಂದು ಅವಸರದಲ್ಲಿ ತಾರೀಖು ಅದಲುಬದಲು ಮಾಡುವ ಪಿಂಚಣಿದಾರರಿಗೆ ಒಂದು ಮಾತು: ಜೀವನ್ ಪ್ರಮಾಣ್ ಮುಖ ಗುರುತಿನ ಆ್ಯಪ್ ಮೂಲಕ ಮೊಬೈಲ್‌ನಲ್ಲೇ ಅದನ್ನು ಸಲ್ಲಿಸುವ ಅನುಕೂಲವಿದೆ. ಹೊರಡುವ ಮುಂಚೆ ಆ್ಯಪ್ ಹಾಕಿಕೊಂಡು, ನಿಮ್ಮ ಬ್ಯಾಂಕ್ ಅಥವಾ ಖಜಾನೆಯಲ್ಲಿ ಅದು ನಡೆಯುತ್ತದೆಯೇ ಕೇಳಿಕೊಳ್ಳಿ. ನೌಕರಿಯಲ್ಲಿರುವವರು ಇಲಾಖೆಯ ಅನುಮತಿ ಮತ್ತು ರಜೆ ಆದೇಶದ ತಾರೀಖು ವೀಸಾ ಅರ್ಜಿಯ ತಾರೀಖಿಗೆ ತಾಳೆಯಾಗುವಂತೆ ನೋಡಿಕೊಳ್ಳಬೇಕು.

ಪಾಸ್‌ಪೋರ್ಟ್‌ನಲ್ಲಿ ವಾಪಸ್ ಬರುವ ದಿನದಿಂದ ಆರು ತಿಂಗಳು ಬಾಕಿ ಇರಲಿ. ಮುಗಿಯಲು ಒಂದು ವರ್ಷವಿರುವಾಗಲೇ ನವೀಕರಿಸಲು ಬರುತ್ತದೆ. ಹಳೆಯ ಪಾಸ್‌ಪೋರ್ಟ್‌ನಲ್ಲಿ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಎರಡನ್ನೂ ಒಯ್ಯಬೇಕು.

ಗಡುವು ಮೀರುವುದು ತಪ್ಪದು ಎಂದಾದಾಗ

ಹೃದಯಾಘಾತ, ಕಾಲು ಮುರಿತ, ವಿಮಾನ ರದ್ದು, ಇವು ಯಾರ ಕೈಯಲ್ಲೂ ಇಲ್ಲ. ಮಾಡಬೇಕಾದ್ದು ಇಷ್ಟು: ಗಡುವು ಮುಗಿಯುವ ಮೊದಲೇ ಅಲ್ಲಿಯ ವಲಸೆ ಕಚೇರಿಗೆ ಬರಹದಲ್ಲಿ ತಿಳಿಸಿ ಅರ್ಜಿ ಹಾಕಬೇಕು. ವೈದ್ಯರ ಪತ್ರದಲ್ಲಿ 'ಇಂಥ ತಾರೀಖಿನವರೆಗೆ ವಿಮಾನ ಪ್ರಯಾಣ ಮಾಡುವಂತಿಲ್ಲ' ಎಂಬ ಸಾಲು ಇರಲೇಬೇಕು, ಬರೀ ರೋಗದ ಹೆಸರಿದ್ದರೆ ಸಾಲದು. ವಿಮಾನ ರದ್ದಾದರೆ ಕಂಪನಿಯಿಂದ ಬರಹದಲ್ಲಿ ಪಡೆಯಿರಿ, ಫೋನಿಗೆ ಬಂದ ಸಂದೇಶವನ್ನೂ ಅಳಿಸಬೇಡಿ. ಅರ್ಜಿ ಸಲ್ಲಿಸಿದ ರಶೀದಿ ಕೈಯಲ್ಲಿರಲಿ. ಪಾಸ್‌ಪೋರ್ಟ್ ಕಳೆದಿದ್ದರೆ, ದಂಡ ಕಟ್ಟಲಾಗದೆ ಸಿಕ್ಕಿಕೊಂಡಿದ್ದರೆ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಿ. ಊರಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

ಆಗಲೇ ಮೀರಿಬಿಟ್ಟಿದ್ದರೆ ಅವಿತುಕೊಂಡು ದಿನ ದೂಡಬೇಡಿ. ತಾವಾಗಿ ನಿಲ್ದಾಣಕ್ಕೆ ಹೋಗಿ ದಂಡ ಕಟ್ಟಿ ಹೊರಡುವವರಿಗೂ ಸಿಕ್ಕಿಬಿದ್ದವರಿಗೂ ಶಿಕ್ಷೆಯಲ್ಲಿ ಎಷ್ಟು ಅಂತರವಿದೆ ಎಂಬುದಕ್ಕೆ ಥಾಯ್ಲೆಂಡ್‌ನ ನಿಯಮವೇ ಸಾಕ್ಷಿ. ದಂಡದ ರಶೀದಿಯನ್ನು ಪಾಸ್‌ಪೋರ್ಟ್ ಜೊತೆ ಕಾಪಾಡಿ. ಮುಂದೆ ಯಾವ ದೇಶದ ವೀಸಾ ಅರ್ಜಿಯಲ್ಲಾದರೂ 'ಹಿಂದೆ ಎಲ್ಲಿಯಾದರೂ ಅವಧಿ ಮೀರಿ ಉಳಿದಿದ್ದೀರಾ' ಎಂದು ಕೇಳಿದರೆ ಹೌದು ಎಂದೇ ಬರೆದು ಕಾರಣ, ಕಾಗದ ಜೋಡಿಸಿ. ಮೂರು ದಿನ ಮೀರಿದ್ದನ್ನು ಅಧಿಕಾರಿ ಮನ್ನಿಸಬಹುದು. ಅದನ್ನು ಮುಚ್ಚಿಟ್ಟು ಸುಳ್ಳು ಬರೆದರೆ ಆ ಸುಳ್ಳಿಗೇ ಬ್ರಿಟನ್‌ನಂಥ ದೇಶಗಳಲ್ಲಿ ಹತ್ತು ವರ್ಷದ ನಿಷೇಧ ಬೀಳಬಹುದು.

ಅಮೆರಿಕದಿಂದ ಹೊರಡುವಾಗ ಪಾಸ್‌ಪೋರ್ಟ್‌ಗೆ ಮೊಹರು ಒತ್ತುವುದಿಲ್ಲ, ವಿಮಾನ ಕಂಪನಿ ಕೊಡುವ ಮಾಹಿತಿಯಿಂದ ನಿಮ್ಮ ನಿರ್ಗಮನ ದಾಖಲಾಗುತ್ತದೆ. ಹಾಗಾಗಿ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಊರಿಗೆ ಬಂದ ಮೇಲೆ ಅದೇ ಐ-94 ವೆಬ್‌ಸೈಟ್‌ನಲ್ಲಿ ಪ್ರಯಾಣದ ಇತಿಹಾಸ ತೆರೆದು, ಹೊರಬಂದ ತಾರೀಖು ಏರಿದೆಯೇ ಎಂದು ನೋಡಿ ಒಂದು ಪ್ರತಿ ತೆಗೆದಿಡಿ.